ಒಲುಮೆಯ ಹಾಡು, ಅನುಭಾವದ ಒಡಲು

ಲೌಕಿಕ ಪ್ರೇಮದ ಮಾತಿನಲ್ಲಿ ಅಲೌಕಿಕವನ್ನು ನುಡಿಯುವುದು ಅನುಭಾವ ಸಾಹಿತ್ಯದ ಪುರಾತನ ಪದ್ಧತಿ. ಶಿಶುನಾಳ ಷರೀಫರ (1819–1889) ‘ಸ್ನೇಹ ಮಾಡಬೇಕಿಂಥವಳ’ ಎಂಬ ಪದ ಇದಕ್ಕೊಂದು ನಿದರ್ಶನ. ಸುಗಮ ಸಂಗೀತದ ಗಾಯಕರಿಂದ ಮನೆಮಾತಾದ ಈ ಪದವನ್ನು ಅನೇಕರು ಮಧುರವಾದ ಪ್ರಣಯಗೀತೆಯೆಂದೇ ಭಾವಿಸಿ ಆಲಿಸುತ್ತಾರೆ. ಬಳ್ಳಾರಿ ನಗರದಲ್ಲಾಗಲಿ, ತುಂಗಭದ್ರೆಯ ಸೀಮೆಯ ಸಿರುಗುಪ್ಪದಲ್ಲಾಗಲಿ, ದೊಡ್ಡಬಸವೇಶ್ವರನ ಕ್ಷೇತ್ರವಾದ ಕುರುಗೋಡಿನಲ್ಲಾಗಲಿ, ಭಜನೆಯ ಬಳಕೆಯುಳ್ಳವರಿಗೆ ಇಂಥ ಪದಗಳು ತತ್ತ್ವವಾಗಿ ಕೇಳಿಸುತ್ತವೆ. ಹಾಡು ಒಂದೇ ಆಗಿದ್ದರೂ ಕೇಳುವ ಬಗೆ ಎರಡಾಯಿತು. ಇವುಗಳಲ್ಲಿ ಯಾವುದು ಸರಿ ಎಂಬುದು ವಿಚಾರಾರ್ಹವಾಗಿದೆ.

ಶರಣರ ಪರಂಪರೆಯಲ್ಲಿ ಈ ಭಾವಕ್ಕೆ ‘ಶರಣಸತಿ–ಲಿಂಗಪತಿ’ ಎಂದು ಹೆಸರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯವೆಂಬ ಆರು ಸ್ಥಲಗಳಲ್ಲಿ ಐದನೆಯದಾದ ಶರಣಸ್ಥಲಕ್ಕೆ ಇದು ಸೇರಿದುದು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಪತಿಯೆಂದು ವರಿಸಿದಳು. ಗಂಡಾಗಿ ಹುಟ್ಟಿದ ಶರಣರೂ ತಮ್ಮನ್ನು ಸತಿಯೆಂದೇ ಭಾವಿಸಿ ವಚನ ನುಡಿದರು. ದೇಹದ ಲಿಂಗಭೇದ ಇಲ್ಲಿ ಗಣನೆಗೆ ಬಾರದು. ಅನನ್ಯ ಸಮರ್ಪಣೆಯೊಂದೇ ಮುಖ್ಯ.

ಷರೀಫರ ಪದದಲ್ಲಾದರೋ ಈ ಕ್ರಮ ತಿರುಗಿದೆ. ಅರಸುವವನು ಪುರುಷ, ಅರಸಲ್ಪಡುವವಳು ಸ್ತ್ರೀ. ಸೂಫಿ ಕಾವ್ಯದ ವಾಡಿಕೆಯೂ ಇದೇ. ಅಲ್ಲಿ ಪ್ರಿಯತಮೆ ಪರಮಸತ್ಯದ ಸಂಕೇತ. ಮುಸಲ್ಮಾನ ಮನೆತನದಲ್ಲಿ ಜನಿಸಿ, ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಶರಣರ ನಾಡಿನಲ್ಲಿ ಬಾಳಿದ ಷರೀಫರಲ್ಲಿ ಈ ಧಾರೆಗಳೆಲ್ಲ ಕೂಡಿದುದು ಸಹಜ. ಪದದ ನಾಯಕಿಯನ್ನು ನಿರ್ಮಲವಾದ ಜ್ಞಾನಶಕ್ತಿಯೆಂದು ಗ್ರಹಿಸಿದಾಗ ಅವಳ ಗುಣವರ್ಣನೆ ಸಾಧಕನ ಅಂತರಂಗಶುದ್ಧಿಯ ಲಕ್ಷಣವಾಗಿ ಪರಿಣಮಿಸುತ್ತದೆ.

ಪಾಶ್ಚಾತ್ಯ ಜಗತ್ತಿನಲ್ಲಿಯೂ ಇಂಥದೊಂದು ಉದಾಹರಣೆಯುಂಟು. ಎರಿಕ್ ಕ್ಲಾಪ್ಟನ್ 1970ರಲ್ಲಿ ಹಾಡಿದ ‘ಲೈಲಾ’ ಎಂಬ ರಾಕ್ ಗೀತೆಯ ಹೆಸರು ಬಂದುದು ಹನ್ನೆರಡನೆಯ ಶತಮಾನದ ಪಾರಸಿ ಕವಿ ನಿಜಾಮಿಯ ‘ಲೈಲಾ–ಮಜ್ನೂ’ ಕಾವ್ಯದಿಂದ. 1992ರಲ್ಲಿ ಆತನೇ ಅದನ್ನು ಮಂದಗತಿಯಲ್ಲಿ ಮತ್ತೆ ಹಾಡಿದಾಗ ಅದು ಇನ್ನಷ್ಟು ಜನಪ್ರಿಯವಾಯಿತು. ಮಜ್ನೂವಿನ ಹುಚ್ಚನ್ನು ಸೂಫಿಗಳು ದೈವೀ ಪ್ರೇಮದ ಉನ್ಮಾದವೆಂದು ಬಗೆದಿದ್ದರು. ಆಧುನಿಕ ಗೀತೆಯಲ್ಲಿ ಉಳಿದುದು ಮಾನುಷ ವಿರಹ ಮಾತ್ರ. ಹೆಸರು ಕಡಲು ದಾಟಿತು, ತತ್ತ್ವ ದಡದಲ್ಲಿಯೇ ನಿಂತಿತು.

ಷರೀಫರ ಪದಗಳಿಗೂ ಈ ಗತಿ ಒದಗಬಾರದು. ಹಾಗೆಂದು ವಾದ್ಯವನ್ನು ಹಳಿಯುವುದು ಸಲ್ಲದು. 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಸಿ. ಅಶ್ವಥ್ ಅವರ ಸಂಗೀತ ಈ ಪದಗಳನ್ನು ಮನೆಮನೆಗೂ ಮುಟ್ಟಿಸಿತು. 2008ರಲ್ಲಿ ರಘು ದೀಕ್ಷಿತ್ ತಂಡ ಗಿಟಾರಿನೊಡನೆ ಷರೀಫರನ್ನು ಹಾಡಿ ಹೊಸ ತಲೆಮಾರಿನ ಕಿವಿಗೆ ತಲುಪಿಸಿತು. ಏಕತಾರಿಯಾಗಲಿ ಗಿಟಾರ್ ಆಗಲಿ ತಂತಿಯೇ ತಾನೆ! ಕೊರತೆಯಿರುವುದು ವಾದ್ಯದಲ್ಲಲ್ಲ, ಅರ್ಥವನ್ನು ತಿಳಿಸಿಕೊಡುವ ಪರಂಪರೆ ಸೊರಗುತ್ತಿರುವುದರಲ್ಲಿ. ಭಜನೆಯಲ್ಲಿ ಪದ ಮುಗಿದೊಡನೆ ಹಿರಿಯರೊಬ್ಬರು ಅದರ ಒಳಮರ್ಮವನ್ನು ಬಿಡಿಸಿ ಹೇಳುತ್ತಿದ್ದರು. ಧ್ವನಿಮುದ್ರಿಕೆಯಲ್ಲಿ ಆ ಹಿರಿಯರಿಲ್ಲ.

ಇದಕ್ಕೆ ಪ್ರತಿಯಾಗಿ, ಎಲ್ಲವೂ ಸಂಕೇತವೆಂದು ಸಾಧಿಸಿ ಪದದಲ್ಲಿರುವ ಒಲುಮೆಯನ್ನೇ ಅಲ್ಲಗಳೆಯುವುದೂ ಅಷ್ಟೇ ದೊಡ್ಡ ದೋಷ. ಪಂಪಾಕ್ಷೇತ್ರದ ವಿರೂಪಾಕ್ಷನ ಭಕ್ತನಾದ ಹರಿಹರನ ‘ಗಿರಿಜಾಕಲ್ಯಾಣ’ ಇಲ್ಲಿ ದಾರಿ ತೋರುತ್ತದೆ. ಶಿವನು ಕಾಮನನ್ನು ದಹಿಸಿದನು. ಬಳಿಕ ಗಿರಿಜೆಯ ತಪಸ್ಸಿಗೆ ಒಲಿದು ಅವಳ ಕೈಹಿಡಿದನು. ಸುಟ್ಟುಹೋದುದು ಕಾಮ, ಉಳಿದುದು ಪ್ರೇಮ. ಮಾನವಪ್ರೀತಿಯ ಸವಿಯನ್ನೇ ಅರಿಯದವನಿಗೆ ದೈವಪ್ರೀತಿಯ ಉಪಮಾನ ತಿಳಿಯುವುದೆಂತು?

ಆದುದರಿಂದ ಪ್ರಣಯಗೀತೆಯೆಂದು ಕೇಳುವವನು ತಪ್ಪಿತಸ್ಥನಲ್ಲ. ಆತನು ಮೊದಲ ಮೆಟ್ಟಿಲಲ್ಲಿದ್ದಾನೆ. ಮುಂದಿನ ಮೆಟ್ಟಿಲುಂಟೆಂದು ತಿಳಿಸುವುದು ಬಲ್ಲವರ ಹೊಣೆ. ಸಾಹಿತ್ಯದ ವಿದ್ಯಾರ್ಥಿಗಳು ಪದದ ಪಾಠವನ್ನೂ ಭಕ್ತರು ಅದರ ಅನುಭವವನ್ನೂ ಕೂಡಿ ಕಾಪಾಡಿದಲ್ಲಿ, ರಾಗ ಯಾವುದಾದರೂ ಹಾಡಿನ ಒಡಲು ಬರಿದಾಗದು.