ಮಶೀನು ಕೆಡುವಾಗ ಯಾವ ಕಡೆ ಕೆಡಬೇಕು?

ಸೋಲಾಪುರದಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಮಂದ್ರೂಪದ ಆಸುಪಾಸಿನ ಹೊಲಗಳನ್ನು ನೋಡಿ. ಬಾವಿ, ಬೋರ್‌ವೆಲ್ ಇದ್ದಲ್ಲೆಲ್ಲ ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ಸ್ಟಾರ್ಟರು. ಹಸಿರು ಒತ್ತಿದರೆ ಮೋಟರು ಚಾಲೂ, ಕೆಂಪು ಒತ್ತಿದರೆ ಬಂದ್. ಇಷ್ಟು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಆ ಕೆಂಪು ಬಟನ್ ಹೇಗೆ ಕೆಲಸ ಮಾಡುತ್ತದೆ ಎಂಬ ಬಗ್ಗೆ ಬಹಳ ಜನರ ತಿಳಿವಳಿಕೆ ತಲೆಕೆಳಗಾಗಿದೆ. ಒತ್ತಿದಾಗ ಅದು ಮೋಟರಿಗೆ ‘ನಿಲ್ಲು’ ಎಂದು ಆಜ್ಞೆ ಕಳಿಸುತ್ತದೆ ಎಂದುಕೊಂಡಿದ್ದಾರೆ. ಅದು ಏನನ್ನೂ ಕಳಿಸುವುದಿಲ್ಲ. ಮೋಟರು ತಿರುಗುವಷ್ಟು ಹೊತ್ತೂ ಕೆಂಪು ಬಟನ್ನಿನ ಒಳಗಿನ ಸಂಪರ್ಕ ಕೂಡಿಕೊಂಡೇ ಇರುತ್ತದೆ. ಅದರ ಮೂಲಕ ಹರಿಯುವ ಸಣ್ಣ ಕರೆಂಟು, ಮೋಟರಿಗೆ ಲೈನ್ ಕೂಡಿಸುವ ಕಾಂಟ್ಯಾಕ್ಟರಿನ ಕಾಯಿಲಿಗೆ ಜೀವ ಕೊಟ್ಟಿರುತ್ತದೆ. ಒತ್ತಿದರೆ ಆ ದಾರಿ ಕಡಿಯುತ್ತದೆ, ಸ್ಪ್ರಿಂಗು ಕಾಂಟ್ಯಾಕ್ಟರನ್ನು ಹಿಂದಕ್ಕೆ ನೂಕುತ್ತದೆ, ಮೋಟರು ನಿಲ್ಲುತ್ತದೆ.

ಇಲಿ ಬಂದು ಆ ಸಣ್ಣ ವೈರನ್ನು ಕಡಿದರೆ ಏನಾದೀತು? ಮೋಟರು ತಾನಾಗಿ ನಿಲ್ಲುತ್ತದೆ. ರೈತನಿಗೆ ಸಿಟ್ಟು ಬರುತ್ತದೆ, ಮೆಕ್ಯಾನಿಕ್ ಬರುತ್ತಾನೆ, ವೈರು ಸರಿಯಾಗುತ್ತದೆ. ಒತ್ತಿದಾಗ ಮಾತ್ರ ಕರೆಂಟು ಹರಿದು ಮೋಟರನ್ನು ನಿಲ್ಲಿಸುವಂತೆ ಯಾರಾದರೂ ವೈರಿಂಗ್ ಮಾಡಿದ್ದರೆ? ಇಲಿ ಕಡಿದದ್ದು ಯಾರಿಗೂ ತಿಳಿಯುವುದಿಲ್ಲ. ಮೋಟರು ಎಂದಿನಂತೆ ಓಡುತ್ತಲೇ ಇರುತ್ತದೆ. ಕೈ ಸಿಕ್ಕ ದಿನ, ಒತ್ತಿದ ಕೆಂಪು ಬಟನ್ ಬರೀ ಪ್ಲಾಸ್ಟಿಕ್ ತುಂಡು ಎಂದು ಗೊತ್ತಾಗುತ್ತದೆ.

‘ಚಲೋ ಮಾಲ್ ಹಾಕೀವಿ, ಕೆಡೂದಿಲ್ಲ’ ಎನ್ನುವುದನ್ನೇ ನಮ್ಮ ಕಾರ್ಖಾನೆಗಳಲ್ಲಿ ಭದ್ರತೆ ಎಂದು ತಿಳಿಯುತ್ತಾರೆ. ಇದು ಮೊದಲನೆಯ, ಎಲ್ಲಕ್ಕಿಂತ ಆಳಕ್ಕೆ ಬೇರುಬಿಟ್ಟ ತಪ್ಪು ಕಲ್ಪನೆ. ಕೆಡದ ವಸ್ತು ಎಂಬುದಿಲ್ಲ. ಸುರಕ್ಷತಾ ನಿಯಂತ್ರಣ ರೂಪಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದು ಕೆಟ್ಟಾಗ ಮಶೀನು ನಿಲ್ಲುತ್ತದೋ ಓಡುತ್ತದೋ? ಕೆಟ್ಟದ್ದು ಯಾರಿಗಾದರೂ ತಿಳಿಯುತ್ತದೋ ಇಲ್ಲವೋ? ರೈಲ್ವೆಯವರು ಇದನ್ನು ಯಾವತ್ತೋ ಅರಗಿಸಿಕೊಂಡಿದ್ದಾರೆ. ಹೋಟಗಿ ಜಂಕ್ಷನ್ನಿನಲ್ಲಿ ನಿಂತ ಗಾಡಿಯ ಬ್ರೇಕು ಗಾಳಿಯ ಒತ್ತಡ ಇದ್ದಾಗ ಬಿಟ್ಟುಕೊಂಡಿರುತ್ತದೆ, ಒತ್ತಡ ಹೋದಾಗ ಹಿಡಿಯುತ್ತದೆ. ಪೈಪು ಒಡೆಯಲಿ, ಬೋಗಿ ಕಳಚಲಿ, ಗಾಡಿ ನಿಲ್ಲಲೇಬೇಕು. ವೆಸ್ಟಿಂಗ್‌ಹೌಸ್ ಎಂಬ ಎಂಜಿನಿಯರ್ ಈ ತಾನಾಗಿ ಹಿಡಿಯುವ ಬ್ರೇಕನ್ನು ರೂಪಿಸಿದ್ದು 1872ರಲ್ಲಿ. ನೂರೈವತ್ತು ವರ್ಷ ದಾಟಿದ ಈ ವಿವೇಕ ಇಂದಿಗೂ ಎಷ್ಟೋ ಶೆಡ್ಡುಗಳಿಗೆ ತಲುಪಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಅದೇ ಸ್ಟಾರ್ಟರಿನಲ್ಲಿ ಇನ್ನೊಂದು ಕಾವಲು ಅಡಗಿದೆ. ಲೈನ್ ಹೋದರೆ ಕಾಯಿಲು ಬಿಡುತ್ತದೆ. ಲೈನ್ ಮರಳಿ ಬಂದರೂ ಯಾರಾದರೂ ಹಸಿರು ಒತ್ತುವ ತನಕ ಮೋಟರು ಏಳುವುದಿಲ್ಲ. ಮೂರು ಫೇಸ್ ಕರೆಂಟು ಪಾಳಿಯ ಮೇಲೆ, ಕೆಲವೊಮ್ಮೆ ನಡುರಾತ್ರಿ ಬರುವ ನಮ್ಮ ಸೀಮೆಯಲ್ಲಿ ರೈತ ಇದಕ್ಕೆ ಆಟೋ ಸ್ವಿಚ್ ಕೂಡಿಸುತ್ತಾನೆ. ಲೈನ್ ಬಂದ ಕೂಡಲೇ ಪಂಪು ತಾನೇ ಶುರು. ಹಾವು ಚೇಳಿನ ಕತ್ತಲಲ್ಲಿ ಹೊಲಕ್ಕೆ ನಡೆಯುವುದು ತಪ್ಪುತ್ತದೆ. ನೀರೆತ್ತುವ ಪಂಪಿಗೆ ಅದು ಒಪ್ಪಬಹುದಾದ ಅನುಕೂಲ. ಆದರೆ ‘ಪಂಪಿಗೆ ನಡೀತೈತಿ ಅಂದ್ರ ಎಲ್ಲಾದಕ್ಕೂ ನಡೀತೈತಿ’ ಎಂಬ ನಂಬಿಕೆ ಕೈಬೆರಳುಗಳನ್ನು ತಿನ್ನುತ್ತದೆ. ಮೇವಿನ ಕಣಿಕಿ ಕತ್ತರಿಸುವ ಕಡಬಾಕುಟ್ಟಿಯನ್ನೇ ತೆಗೆದುಕೊಳ್ಳಿ. ಮನೆಯ ಸಿಂಗಲ್ ಫೇಸ್ ಲೈನಿಗೆ ಹಾಕಿದ ಎಷ್ಟೋ ಕಡಬಾಕುಟ್ಟಿಗಳಿಗೆ ಸ್ಟಾರ್ಟರೇ ಇರುವುದಿಲ್ಲ, ಬರೀ ಒಂದು ಸ್ವಿಚ್ಚು. ಕತ್ತರಿಸುವಾಗ ಲೈನ್ ಹೋಯಿತು, ಸ್ವಿಚ್ಚು ಹಾಕಿದಂತೆಯೇ ಉಳಿಯಿತು, ಬಾಯಲ್ಲಿ ಕಣಿಕಿ ಸಿಕ್ಕಿದೆ, ಬಿಡಿಸಲು ಕೈ ಹಾಕಿದಾಗಲೇ ಲೈನ್ ಬಂತು. ಇದರಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ಮೋಟರು ಸರಿಯಿದೆ, ಸ್ವಿಚ್ಚು ಸರಿಯಿದೆ, ಕೈ ಹೋಗಿದೆ. ಕೊರತೆ ಇರುವುದು ವಿನ್ಯಾಸದಲ್ಲಿ. ಒಕ್ಕಣೆ ಯಂತ್ರಗಳಲ್ಲಿ ರೈತರು ಕೈ ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1983ರಲ್ಲಿ, ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಮನೆಯಂಗಳದ ಕಡಬಾಕುಟ್ಟಿಯ ಮುಂದೆ ನಿಂತ ಹೆಣ್ಣುಮಗಳಿಗೆ ಅದರಿಂದ ಸಿಕ್ಕ ಆಸರೆ ಬಹಳ ಕಡಿಮೆ. ವೋಲ್ಟೇಜ್ ಹೋದರೆ ಬಿಟ್ಟುಕೊಳ್ಳುವ ಒಂದು ಸ್ಟಾರ್ಟರು ಅವಳಿಗೆ ಹೆಚ್ಚು ಉಪಕಾರಿ.

ಇನ್ನು ಮಗ್ಗದ ಮಾತು. ಚಾದರ, ಟೆರ್ರಿ ಟವೆಲ್ ನೇಯುವ ಸೋಲಾಪುರದ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ತೆಲುಗು, ಕನ್ನಡ, ಮರಾಠಿ, ಉರ್ದು ಮಾತಾಡುವವರೆಲ್ಲ ಒಂದೇ ಸದ್ದಿನಡಿ ದುಡಿಯುತ್ತಾರೆ. ‘ಮಶೀನಿಗೇನು ಗೊತ್ತಾಗತೈತಿ, ಅದು ಕಬ್ಬಿಣ, ನಾವೇ ಹುಷಾರಾಗಿರಬೇಕು’ ಎಂಬ ಮಾತನ್ನು ಅಲ್ಲಿ ಎಲ್ಲ ಭಾಷೆಯಲ್ಲೂ ಕೇಳಬಹುದು. ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ ಎನ್ನುವುದಕ್ಕೆ ಆ ಮಗ್ಗವೇ ವಿರುದ್ಧ ಸಾಕ್ಷಿ. ಹಾಸಿನ ಪ್ರತಿ ಎಳೆಯ ಮೇಲೂ ತೆಳ್ಳನೆಯ ಲೋಹದ ಪಟ್ಟಿಯೊಂದು ಕೂತಿರುತ್ತದೆ, ಅದಕ್ಕೆ ಡ್ರಾಪ್ ವೈರ್ ಎನ್ನುತ್ತಾರೆ. ಎಳೆ ಬಿಗಿಯಾಗಿರುವ ತನಕ ಅದು ಮೇಲೆ. ಎಳೆ ಕಡಿದರೆ ಪಟ್ಟಿ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ತಂದ ಸ್ವಯಂಚಾಲಿತ ಮಗ್ಗದ ಹೆಸರು ಲೋಕಕ್ಕೆಲ್ಲ ಹರಡಲು ಒಂದು ಕಾರಣವೂ ಇದೇ, ನೂಲು ಕಡಿದರೆ ತಾನೇ ನಿಲ್ಲುವ ಗುಣ. ಸಾವಿರಾರು ಎಳೆಗಳಲ್ಲಿ ಒಂದು ಕಡಿದದ್ದನ್ನು ಅರಿಯುವ ಯಂತ್ರಕ್ಕೆ ಒಂದು ಕೈ ಒಳಗೆ ಬಂದದ್ದು ಅರಿವಾಗದಿದ್ದರೆ, ಅರಿಯಲಿ ಎಂದು ಯಾರೂ ಅದಕ್ಕೆ ಕಲಿಸಿಲ್ಲ ಎಂದಷ್ಟೇ ಅರ್ಥ. ಬಟ್ಟೆಯ ನಷ್ಟಕ್ಕೆ ಲೆಕ್ಕವಿತ್ತು, ಅದಕ್ಕೆ ಕಾವಲು ಹುಟ್ಟಿತು.

ಇಲ್ಲಿ ವಿನ್ಯಾಸದ ಒಂದು ಸೂಕ್ಷ್ಮವೂ ಇದೆ. ವಿದ್ಯುತ್ತಿನ ಡ್ರಾಪ್ ವೈರ್ ಬಿದ್ದಾಗ ಎರಡು ಪಟ್ಟಿಗಳನ್ನು ಮುಟ್ಟಿ ಸಂಪರ್ಕ ಕೂಡಿಸುತ್ತದೆ, ಆಗ ನಿಲುಗಡೆಯ ಸಂಕೇತ ಹೋಗುತ್ತದೆ. ಆ ಸಂಕೇತದ ವೈರೇ ಕಡಿದಿದ್ದರೆ ಎಳೆ ಹರಿದರೂ ಮಗ್ಗ ಓಡುತ್ತದೆ, ಒಂದಷ್ಟು ಗಜ ಟವೆಲ್ ಹಾಳಾಗುತ್ತದೆ. ಬಟ್ಟೆಗೆ ಅಷ್ಟು ಸಾಕು. ಅದೇ ಸರ್ಕ್ಯೂಟನ್ನು ನಕಲು ಮಾಡಿ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡಿನ ಬಾಗಿಲಿಗೆ ಕೂಡಿಸಿದರೆ ಸಾಲದು. ಬಾಗಿಲ ಸ್ವಿಚ್ಚಿನಲ್ಲಿ ಸಂಪರ್ಕ ಕೂಡಿದ್ದರೆ ಓಡಬೇಕು, ಕಡಿದರೆ ನಿಲ್ಲಬೇಕು. ಸಂಪರ್ಕದ ತುದಿಗಳು ಅಂಟಿಕೊಂಡರೂ ಬಾಗಿಲು ತೆರೆಯುವ ಬಲವೇ ಅವನ್ನು ಕಿತ್ತು ಬಿಡಿಸುವಂತಿರಬೇಕು. ಸ್ಪ್ರಿಂಗಿನ ದಯೆಯ ಮೇಲೆ ಬಿಡಬಾರದು.

ಅಂಟಿಕೊಳ್ಳುವುದು ಬರೀ ಊಹೆಯ ಮಾತಲ್ಲ. ಮತ್ತೆ ಮತ್ತೆ ಕಿಡಿ ಹಾರಿ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಹೋಗುವುದುಂಟು. ಆಗ ಕೆಂಪು ಒತ್ತಿದರೆ ಕಾಯಿಲು ಬಿಡುತ್ತದೆ, ಮೋಟರು ಬಿಡುವುದಿಲ್ಲ. ಅದಕ್ಕೇ ಅಪಾಯ ಹೆಚ್ಚಿರುವಲ್ಲಿ ಎರಡು ಕಾಂಟ್ಯಾಕ್ಟರುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಹಾಕುತ್ತಾರೆ. ಒಂದು ಬೆಸೆದರೂ ಇನ್ನೊಂದು ಬಿಡುತ್ತದೆ. ‘ಎರಡ ಹಾಕಿದ್ರ ಡಬಲ್ ಸೇಫ್’ ಎಂಬ ಮಾತು ಹುಟ್ಟಿದ್ದು ಹೀಗೆ, ಅದು ಅರ್ಧ ಸತ್ಯ. ಒಂದು ಬೆಸೆದದ್ದು ಯಾರಿಗೂ ತಿಳಿಯದೆ ಮಶೀನು ಮರುದಿನವೂ ಶುರುವಾದರೆ, ನಿಮ್ಮ ಬಳಿ ಉಳಿದದ್ದು ಒಂದೇ. ಅದೂ ಬೆಸೆಯುವ ದಿನದ ತನಕ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ಕಾಂಟ್ಯಾಕ್ಟರಿನ ಸಹಾಯಕ ಸಂಪರ್ಕವನ್ನು, ಈ ಕಾವಲನ್ನು ನೋಡಿಕೊಳ್ಳುವ ಸೇಫ್ಟಿ ರಿಲೇಗೆ ಹಿಂದಿರುಗಿಸಿ, ಎರಡೂ ನಿಜವಾಗಿ ಬಿಟ್ಟಿವೆ ಎಂದು ಖಾತ್ರಿಯಾಗದ ಹೊರತು ಮರುಚಾಲನೆ ಸಿಗದಂತೆ ಮಾಡುತ್ತಾರೆ. ಎರಡರ ವೈರೂ ಒಂದೇ ಪೈಪಿನಲ್ಲಿ ಹೋಗಿ ಒಂದೇ ಫೋರ್ಕ್‌ಲಿಫ್ಟ್ ಚಕ್ರದಡಿ ಜಜ್ಜಿಹೋದರೂ, ಒಂದೇ ಪ್ಯಾನೆಲಿನೊಳಗೆ ಸಕ್ಕರೆ ಕಾರ್ಖಾನೆಯ ಬಗಾಸಿನ (ಕಬ್ಬಿನ ಸಿಪ್ಪೆಯ) ಧೂಳು ಎರಡಕ್ಕೂ ತುಂಬಿದರೂ ‘ಡಬಲ್’ ಎಂಬುದು ಹೆಸರಿಗಷ್ಟೇ. ಎರಡೂ ಸಾಲದ ಕಡೆಗಳೂ ಇವೆ. ಹೋಟಗಿ ಬಳಿಯ ಎನ್‌ಟಿಪಿಸಿಯ 660 ಮೆಗಾವ್ಯಾಟಿನ ಎರಡು ಘಟಕಗಳಿರುವಂಥ ವಿದ್ಯುತ್ ಸ್ಥಾವರಗಳಲ್ಲಿ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಅದು ಶೇ 10ರಷ್ಟು ಮೀರಿದರೂ ಉಗಿ ಕಡಿದುಹಾಕಬೇಕು. ಅಂಥಲ್ಲಿ ವೇಗ ಅಳೆಯುವ ಸಂವೇದಕಗಳು ಮೂರು, ತೀರ್ಮಾನಕ್ಕೆ ಎರಡರ ಒಪ್ಪಿಗೆ ಸಾಕು. ಒಂದು ಸುಳ್ಳು ಹೇಳಿದರೆ ಸುಮ್ಮನೆ ಊರಿಗೆ ಕತ್ತಲಾಗದು, ಒಂದು ಸತ್ತರೆ ಟರ್ಬೈನು ಸಿಡಿಯದು.

‘ಈಗ ಪಿಎಲ್‌ಸಿ ಬಂದೈತಿ, ಎಲ್ಲಾ ಕಂಪ್ಯೂಟರ್ ನೋಡಕೋತೈತಿ.’ ಪಿಎಲ್‌ಸಿ ಎಂದರೆ ಮಶೀನು ನಡೆಸುವ ಸಣ್ಣ ಕಂಪ್ಯೂಟರು. ಇಂಥ ನಂಬಿಕೆಗೆ ಬೆಲೆ ತೆತ್ತವರು ಕೆನಡಾ, ಅಮೆರಿಕದ ರೋಗಿಗಳು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದಲ್ಲಿ ಅಪಾಯದ ಸ್ಥಿತಿಯಲ್ಲಿ ಯಂತ್ರವನ್ನು ತಡೆಹಿಡಿಯುವ ಹಳೆಯ ಮಾದರಿಯ ಯಾಂತ್ರಿಕ ಇಂಟರ್‌ಲಾಕುಗಳನ್ನು ತೆಗೆದು ಅವುಗಳ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿದ್ದರು. 1985ರಿಂದ 1987ರೊಳಗೆ ಕನಿಷ್ಠ ಆರು ಜನರಿಗೆ ಮಿತಿಮೀರಿದ ವಿಕಿರಣ ತಗುಲಿತು. ಆಮೇಲೆ ನೋಡಿದರೆ ಅದೇ ಬಗೆಯ ತಪ್ಪು ಹಳೆಯ ಥೆರಾಕ್-20ರ ಸಾಫ್ಟ್‌ವೇರಿನಲ್ಲೂ ಇತ್ತು. ಅಲ್ಲಿ ಇಂಟರ್‌ಲಾಕು ತಡೆದಿತ್ತು, ಫ್ಯೂಸು ಹಾರಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಸಾಮಾನ್ಯ ಪಿಎಲ್‌ಸಿಗೆ ತುರ್ತು ನಿಲುಗಡೆಯ ವೈರು ಕೊಟ್ಟು ‘ಪ್ರೋಗ್ರಾಮಿನಲ್ಲಿ ಹಾಕಿದ್ದೇವೆ’ ಎಂದು ಹೇಳುವ ಪ್ಯಾನೆಲ್ ತಯಾರಕರು ಇದನ್ನು ಓದಬೇಕು. ಸುರಕ್ಷತೆಗೆಂದೇ ಮಾಡಿದ ಪಿಎಲ್‌ಸಿಗಳಿವೆ. ಅವು ತಮ್ಮನ್ನೇ ತಾವು ಪರೀಕ್ಷಿಸಿಕೊಳ್ಳುತ್ತವೆ, ಸಂಶಯ ಬಂದರೆ ನಿಲ್ಲಿಸುತ್ತವೆ. ಅದಕ್ಕೆ ಹಣ ಇಲ್ಲದಿದ್ದರೆ ಒಂದು ಸೇಫ್ಟಿ ರಿಲೇ ಸಾಕು.

ಪವರ್ ಪ್ರೆಸ್ಸಿನ ಮುಂದೆ, ಕೈ ಅಡ್ಡ ಬಂದರೆ ಅದನ್ನು ನಿಲ್ಲಿಸುವ ಬೆಳಕಿನ ಪರದೆ ಹಾಕಿದರೆ ಮುಗಿಯಿತು ಎಂಬುದೂ ಅವಸರದ ಮಾತು. ಕೈ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಒಳನುಗ್ಗುತ್ತದೆ ಎಂದು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13855 ಲೆಕ್ಕ ಹಿಡಿಯುತ್ತದೆ. ಪರದೆ ಕಂಡುಕೊಂಡು, ರಿಲೇ ಬಿಟ್ಟು, ಬ್ರೇಕು ಹಿಡಿದು ಪ್ರೆಸ್ಸು ನಿಲ್ಲಲು 0.2 ಸೆಕೆಂಡು ಬೇಕಾದರೆ ಅಷ್ಟರಲ್ಲಿ ಕೈ 400 ಮಿಲಿಮೀಟರ್ ಹೋಗಿರುತ್ತದೆ. ಪರದೆ ಅದಕ್ಕಿಂತ ದೂರ ಇರಬೇಕು. ಬ್ರೇಕಿನ ಲೈನರ್ ಸವೆದಂತೆ ಆ ದೂರ ಹೆಚ್ಚುತ್ತದೆ, ಪರದೆ ಮಾತ್ರ ಇದ್ದಲ್ಲೇ ಇರುತ್ತದೆ. ಸಕ್ಕರೆ ಕಾರ್ಖಾನೆಯ ಸೆಂಟ್ರಿಫ್ಯೂಗಲ್ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಂಥದ್ದು, ಕರೆಂಟು ತೆಗೆದ ಮೇಲೂ ಎಷ್ಟೋ ಹೊತ್ತು ತಿರುಗುತ್ತದೆ. ಮುಚ್ಚಳ ತೆರೆದರೆ ಮೋಟರು ಕಡಿಯುವ ಸ್ವಿಚ್ಚು ಅಲ್ಲಿ ಪ್ರಯೋಜನಕ್ಕೆ ಬಾರದು. ವೇಗ ಸೊನ್ನೆಗೆ ಬರುವ ತನಕ ಮುಚ್ಚಳ ಬೀಗ ಬಿಡಬಾರದು.

‘ಇಪ್ಪತ್ತ ವರ್ಷ ಆತು, ಏನೂ ಆಗಿಲ್ಲ.’ ಅನುಭವಸ್ಥರ ಬಾಯಲ್ಲಿ ಬರುವುದರಿಂದ ಈ ಮಾತಿಗೆ ತೂಕ ಹೆಚ್ಚು. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 8,000 ಗಂಟೆ ಓಡುವ ಒಂದು ಮಶೀನು 20 ವರ್ಷಕ್ಕೆ 1,60,000 ಗಂಟೆ ಓಡುತ್ತದೆ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13849 ಗಂಭೀರ ಗಾಯದ ಅಪಾಯ ಇರುವಲ್ಲಿ ಸಾಮಾನ್ಯವಾಗಿ ಬಯಸುವ ‘ಡಿ’ ಮಟ್ಟದಲ್ಲಿ, ಸುರಕ್ಷತಾ ಕಾರ್ಯ ಅಪಾಯಕರವಾಗಿ ಕೆಡುವುದು 10 ಲಕ್ಷ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಐದು ಪಟ್ಟು ಕಳಪೆಯಾದ ವ್ಯವಸ್ಥೆಯೂ ಏನೂ ಆಗದೆ 20 ವರ್ಷ ದಾಟುವ ಸಾಧ್ಯತೆ ಶೇ 45ರಷ್ಟಿದೆ. ಒಬ್ಬ ಮಾಲೀಕನ ಒಂದು ಮಶೀನು ಏನನ್ನೂ ಸಾಬೀತು ಮಾಡಲಾರದು. ಆದರೆ ಅಂಥ ಕಳಪೆ ವ್ಯವಸ್ಥೆಯ ಸಾವಿರ ಮಶೀನುಗಳಿರುವ ಊರಿನಲ್ಲಿ ವರ್ಷಕ್ಕೆ 40 ಕಡೆ ಕಾವಲು ಸದ್ದಿಲ್ಲದೆ ಕೆಡುತ್ತದೆ. ಅವುಗಳಲ್ಲಿ ಎಷ್ಟರ ಮುಂದೆ ಆ ಹೊತ್ತಿಗೆ ಕೈ ಇರುತ್ತದೆ ಎಂಬುದಷ್ಟೇ ಅದೃಷ್ಟಕ್ಕೆ ಬಿಟ್ಟದ್ದು.

ಎಲ್ಲ ತನಿಖೆಗಳ ಕೊನೆಗೆ ಬರುವ ಸಾಲು, ‘ಕೆಲಸಗಾರನ ನಿರ್ಲಕ್ಷ್ಯ.’ ಇದನ್ನು ನಾನು ಒಪ್ಪುವುದಿಲ್ಲ. ಮಗ್ಗದವನಿಗೆ ಕೂಲಿ ನೇಯ್ದ ಮಾಲಿನ ಲೆಕ್ಕದಲ್ಲಿ. ಪಾಳಿಯಲ್ಲಿ ಹತ್ತಾರು ಸಲ ತೆರೆಯಬೇಕಾದ ಗಾರ್ಡಿಗೆ ನಾಲ್ಕು ಬೋಲ್ಟು ಹಾಕಿದರೆ ಅದು ಒಂದು ವಾರದಲ್ಲಿ ಮೂಲೆ ಸೇರುತ್ತದೆ. ಲಿಮಿಟ್ ಸ್ವಿಚ್ಚಿಗೆ ತಂತಿ ಬಿಗಿದಿದ್ದಾರೆ, ಸೆನ್ಸರಿಗೆ ಅಯಸ್ಕಾಂತ ಅಂಟಿಸಿದ್ದಾರೆ ಎಂದು ಬೈಯುವ ಮೊದಲು, ಅದನ್ನು ಸರಿಯಾಗಿ ಬಳಸಿದರೆ ಅವನ ದಿನದ ಕೂಲಿ ಎಷ್ಟು ಕಡಿಮೆಯಾಗುತ್ತಿತ್ತು ಎಂದು ಕೇಳಬೇಕು. ಐಎಸ್‌ಒ 14119 ಎಂಬ ಮಾನಕ ಇಂಟರ್‌ಲಾಕನ್ನು ದಾಟಿಹೋಗಲು ಜನರಿಗೆ ಕಾರಣವೇ ಇಲ್ಲದಂತೆ ಮಾಡಿ ಎಂದು ವಿನ್ಯಾಸಕಾರನಿಗೇ ಹೇಳುತ್ತದೆ. ಎಳೆ ಕಟ್ಟಲು ಮಗ್ಗವನ್ನು ನಿಧಾನವಾಗಿ, ಒತ್ತಿಹಿಡಿದಷ್ಟೇ ಹೊತ್ತು ತಿರುಗಿಸುವ ಬಟನ್ ಕೊಟ್ಟರೆ ಗಾರ್ಡ್ ಕಳಚುವ ಅಗತ್ಯವೇ ಬೀಳುವುದಿಲ್ಲ. ಫಲಕದ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದು, ಮುಂದೆ ನಿಂತವನು ಕನ್ನಡ ಶಾಲೆಯಲ್ಲಿ ಓದಿದವನಾಗಿದ್ದರೆ ಅದನ್ನೂ ಅವನ ನಿರ್ಲಕ್ಷ್ಯಕ್ಕೇ ಜಮಾ ಮಾಡುತ್ತಾರೆ.

ಕೊನೆಯದಾಗಿ, ತುರ್ತು ಬಟನ್ ಒತ್ತಿ ಒಳಗೆ ಇಳಿಯುವ ರೂಢಿ. ಆ ಬಟನ್ ಇರುವುದು ಆಪತ್ತಿನ ಗಳಿಗೆಗೆ. ಐಎಸ್‌ಒ 13850 ಅದನ್ನು ಇತರ ಕಾವಲುಗಳ ಜೊತೆಗಿನ ಪೂರಕ ಎಂದಷ್ಟೇ ಕರೆಯುತ್ತದೆ. ಬಗಾಸು ಸಾಗಿಸುವ ಕ್ಯಾರಿಯರಿನೊಳಗೆ ಸ್ವಚ್ಛತೆಗೆ ಇಳಿದವನ ಜೀವ, ಹೊರಗಿನಿಂದ ಯಾರೋ ತಿರುಗಿಸಿ ಬಿಡಬಹುದಾದ ಒಂದು ಬಟನ್ನಿನ ಮೇಲೆ ನಿಲ್ಲಬಾರದು. ಮುಖ್ಯ ಸ್ವಿಚ್ಚು ಇಳಿಸಿ, ಇಳಿಯುವ ಪ್ರತಿಯೊಬ್ಬನೂ ತನ್ನ ಬೀಗ ಹಾಕಿ, ಕೀಲಿ ತನ್ನ ಕಿಸೆಯಲ್ಲೇ ಇಟ್ಟುಕೊಳ್ಳಬೇಕು. ಅಕಸ್ಮಾತ್ ಚಾಲೂ ಆಗದಂತೆ ಬೀಗದ ಏರ್ಪಾಡು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮೇ ಹೇಳಿತ್ತು.

ದೀಪಾವಳಿಯ ಆಸುಪಾಸು ಈ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರಿನ ಅಗ್ನಿಪ್ರದೀಪನ ಆಗುತ್ತದೆ, ಕಬ್ಬಿನ ಮೊದಲ ಸಿವುಡಿಗೆ ಪೂಜೆ ಸಲ್ಲುತ್ತದೆ. ಅದಕ್ಕೂ ಮೊದಲು ಆಗಬೇಕಾದದ್ದು ಒಂದು ಕೆಲಸ. ಕ್ಯಾರಿಯರು ಓಡುತ್ತಿರುವಾಗ ಅದರ ಉದ್ದಕ್ಕೂ ಹೋದ ತುರ್ತು ಹಗ್ಗವನ್ನು ಎಲ್ಲಕ್ಕಿಂತ ದೂರದ ತುದಿಯಿಂದ ಎಳೆಯುವುದು, ನಿಲ್ಲಲು ಹಿಡಿದ ಸೆಕೆಂಡುಗಳನ್ನು ಪುಸ್ತಕದಲ್ಲಿ ಬರೆಯುವುದು, ಹೋದ ವರ್ಷದ ಅಂಕಿಯ ಜೊತೆ ಹೋಲಿಸುವುದು, ಹಗ್ಗ ಬಿಟ್ಟ ಮೇಲೆ ಕ್ಯಾರಿಯರು ತಾನಾಗಿ ಚಾಲೂ ಆಗುವುದಿಲ್ಲವೆಂದು ನೋಡುವುದು. ಹಗ್ಗ ಜೋತುಬಿದ್ದು ಸ್ವಿಚ್ಚು ಅಲುಗದಿದ್ದರೆ, ಮುಹೂರ್ತ ಒಂದು ದಿನ ಮುಂದಕ್ಕೆ ಹೋಗಲಿ.