ಬಯಲಿನ ಸ್ಕೆಚ್ಚಿಗೆ ಬಣ್ಣ ಹಚ್ಚುವ ಮೊದಲು

ಕರ್ಜಗಿ ಸುತ್ತಿನ ನೆಲ ಚಿತ್ರಕಾರರಿಗೆ ಸುಲಭಕ್ಕೆ ದಕ್ಕುವಂಥದ್ದಲ್ಲ. ಮಲೆನಾಡಿನಲ್ಲಾದರೆ ಗುಡ್ಡವೋ ಕಣಿವೆಯೋ ತಾನೇ ಚೌಕಟ್ಟು ಹಾಕಿಕೊಡುತ್ತದೆ. ಇಲ್ಲಿ ಎರಿ ಹೊಲ, ವರದಾ ನದಿಯ ದಂಡೆ, ಅಲ್ಲೊಂದು ಇಲ್ಲೊಂದು ಜಾಲಿಗಿಡ, ಉಳಿದದ್ದೆಲ್ಲ ಆಕಾಶ. ಪೆನ್ಸಿಲ್ ಸ್ಕೆಚ್ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ತೊಡಕು ಶುರುವಾಗುವುದು ಮನೆಗೆ ಬಂದು ದೊಡ್ಡ ಹಾಳೆ ಬಿಚ್ಚಿದಾಗ.

ಲೆಕ್ಕ ನೋಡಿ. ಸ್ಕೆಚ್ ಪುಸ್ತಕದ ಪುಟ 5×8 ಇಂಚು, ಜಲವರ್ಣದ ಪೂರ್ತಿ ಹಾಳೆ 22×30 ಇಂಚು. ಅಗಲ ಸರಿಹೊಂದುವಂತೆ ಚೌಕ ಹಾಕಿ ಹಿಗ್ಗಿಸಿದರೆ ಎತ್ತರದಲ್ಲಿ ಮೂರು ಇಂಚಿಗೂ ಹೆಚ್ಚು ಜಾಗ ಮಿಗುತ್ತದೆ. ಅದನ್ನು ಆಕಾಶಕ್ಕೆ ಕೊಡಬೇಕೋ ನೆಲಕ್ಕೋ? ಆಕಾಶಕ್ಕೆ ಕೊಟ್ಟರೆ ಅದು ಮೋಡದ ಚಿತ್ರ, ನೆಲಕ್ಕೆ ಕೊಟ್ಟರೆ ಉಳುಮೆಯ ಸಾಲಿನ ಚಿತ್ರ. ಬಯಲುಸೀಮೆಯಲ್ಲಿ ದಿಗಂತದ ಗೆರೆ ಎರಡು ಬೆರಳು ಮೇಲೆ ಕೆಳಗೆ ಆದರೂ ವಿಷಯವೇ ಬದಲಾಗುತ್ತದೆ.

ಅದಕ್ಕೇ ಅನುಭವಸ್ಥರು ನಡುವೆ ಇನ್ನೊಂದು ಮೆಟ್ಟಿಲು ಇಟ್ಟುಕೊಳ್ಳುತ್ತಾರೆ. ಬೆಂಕಿಪೊಟ್ಟಣದಷ್ಟು ಪುಟ್ಟ ಚೌಕಗಳಲ್ಲಿ ಅದೇ ನೋಟವನ್ನು ಬೇರೆ ಬೇರೆ ಬಗೆಯಲ್ಲಿ ಹಾಕಿ ನೋಡುವುದು, ಅದೂ ಮೂರೇ ಛಾಯೆಯಲ್ಲಿ: ತಿಳಿ, ನಡುವಿನದು, ದಟ್ಟ. ಎರಿ ಮಣ್ಣು ಒಣಗಿದಾಗ ಬೂದಿ, ನೆನೆದಾಗ ಕಪ್ಪು. ಬೇಸಿಗೆಯ ವರದೆಯಲ್ಲಿ ಉಸುಕು ಬೆಳ್ಳಗೆ ಕಂಡರೆ, ಮಳೆಗಾಲದಲ್ಲಿ ಮಲೆನಾಡಿನಿಂದ ಬಂದ ಕೆನ್ನೀರು. ಯಾವ ಋತು, ಯಾವ ಹೊತ್ತು ಎಂದು ತೀರ್ಮಾನಿಸದೆ ಕುಂಚ ಅದ್ದಿದರೆ ಜಲವರ್ಣ ಕ್ಷಮಿಸುವುದಿಲ್ಲ. ಅದರಲ್ಲಿ ಬೆಳಕೆಂದರೆ ಹಾಳೆಯ ಬಿಳುಪು. ಬಿಡಬೇಕಾದ ಜಾಗವನ್ನು ಮೊದಲೇ ಬಿಡಬೇಕು. ಒಣಗಿದ ಬಣ್ಣ ತಿಳಿಯಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ ಈ ನಿಧಾನವನ್ನು ವಿಪರೀತಕ್ಕೇ ಒಯ್ದವನು. ಹುಟ್ಟೂರಿನ ಹೊಳೆದಂಡೆಯ ಸ್ಕೆಚ್ಚುಗಳನ್ನು ಇಟ್ಟುಕೊಂಡು ಲಂಡನ್ನಿನಲ್ಲಿ ಕೂತು 1821ರಲ್ಲಿ ‘ದಿ ಹೇ ವೇನ್’ ಮುಗಿಸಿದ. ಆರಡಿ ಅಗಲದ ಆ ಚಿತ್ರಕ್ಕೆ ಮೊದಲು ಅಷ್ಟೇ ಅಳತೆಯ ಎಣ್ಣೆವರ್ಣದ ಕರಡು ಮಾಡಿಕೊಂಡಿದ್ದ. ತಮಾಷೆಯೆಂದರೆ, ಮುಗಿಸಿದ ಚಿತ್ರಕ್ಕಿಂತ ಆ ಕರಡನ್ನೇ ಮೆಚ್ಚುವವರು ಇಂದು ಕಡಿಮೆಯಿಲ್ಲ.

ಯೋಜನೆ ಹಾಕಿದರೆ ಚಿತ್ರದ ಕಳೆ ಹೋಗುತ್ತದೆ ಎಂಬ ಆಕ್ಷೇಪ ಹುಟ್ಟುವುದು ಇಲ್ಲೇ. ಅದಕ್ಕೆ ಆಧಾರವೂ ಉಂಟು: ಸ್ವಾತಂತ್ರ್ಯ ಹೋರಾಟಗಾರ, ಪತ್ರಕರ್ತ ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಮರಗಳ ಎದುರಿಗೇ ಕೂತು ಬರೆದವರು, ಅವರ ಹಳದಿ, ಕೆಂಪುಗಳಲ್ಲಿ ಆ ಹೊತ್ತಿನ ಬಿಸಿಲೇ ಇದೆ. ಕೆ. ವೆಂಕಟಪ್ಪನವರ ಹಾದಿ ಬೇರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದ ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಎಲ್ಲಿ ಮುಗಿದು ಗುಡ್ಡ ಎಲ್ಲಿ ತೊಡಗುತ್ತದೆ ಎಂಬುದರಲ್ಲೂ ಅವಸರ ಕಾಣದು. ಇಬ್ಬರಲ್ಲಿ ಯಾರು ಹೆಚ್ಚು ಎಂಬ ವಾದ ವ್ಯರ್ಥ. ಆದರೆ ಹೊಲದ ಸ್ಕೆಚ್ಚನ್ನು ಮನೆಯಲ್ಲಿ ಚಿತ್ರವಾಗಿಸುವವರಿಗೆ ಎದುರಿನ ಬಿಸಿಲಿನ ನೆರವು ಇರುವುದಿಲ್ಲ. ಅವರು ವೆಂಕಟಪ್ಪನವರ ಕಡೆಗೇ ಹೆಚ್ಚು ನೋಡಬೇಕಾಗುತ್ತದೆ.

ಬ್ಯಾಡಗಿ ಮಾರುಕಟ್ಟೆ ಈ ಮಾತಿಗೆ ಕಠಿಣ ಪರೀಕ್ಷೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾಗಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ರಾಶಿಗಳು ಕಣ್ಣು ಕುಕ್ಕುತ್ತವೆ. ಕಂಡಷ್ಟೂ ಕೆಂಪನ್ನು ಹಾಳೆಗೆ ಇಳಿಸಿದರೆ ಚೀಲ ಹೊರುವ ಹಮಾಲರು, ತಗಡಿನ ಚಾವಣಿ, ಲಾರಿಗಳೆಲ್ಲ ಮಾಯವಾಗುತ್ತವೆ. ಪುಟ್ಟ ಚೌಕದಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದೇ ಕಡೆ ಗುರುತು ಹಾಕಿ, ಸುತ್ತ ಬೂದು ಬಿಟ್ಟು ನೋಡಿದಾಗ ಎಷ್ಟು ಕೆಂಪು ಸಾಕು ಎಂಬುದು ತಿಳಿಯುತ್ತದೆ. ಸಾಮಾನ್ಯವಾಗಿ ಅಂದುಕೊಂಡದ್ದರ ಅರ್ಧ ಸಾಕಾಗುತ್ತದೆ. ಒಣಕಾಯಿಯ ಕೆಂಪು ಕಂದಿಗೆ ವಾಲುತ್ತಿತ್ತೇ, ನೆರಳು ಯಾವ ಕಡೆ ಬಿದ್ದಿತ್ತು ಎಂಬುದನ್ನು ಮಾತ್ರ ಅಲ್ಲಿಯೇ ಸ್ಕೆಚ್ಚಿನ ಅಂಚಿನಲ್ಲಿ ಬರೆದುಕೊಳ್ಳಬೇಕು. ಕಾನ್‌ಸ್ಟೆಬಲ್ ಕೂಡ ತನ್ನ ಮೋಡದ ಅಭ್ಯಾಸಚಿತ್ರಗಳ ಬೆನ್ನಿಗೆ ದಿನ, ಹೊತ್ತು, ಗಾಳಿಯ ದಿಕ್ಕು ಬರೆದಿಡುತ್ತಿದ್ದ.