ಮದ್ದಿನ ಅಳತೆ

ಅಳೆಯುವುದು ಬೇರೆ, ತೂಗುವುದು ಬೇರೆ. ದಿನದ ಮಾತಿನಲ್ಲಿ ಒಂದರ ಸ್ಥಾನದಲ್ಲಿ ಮತ್ತೊಂದನ್ನು ನಾವು ಬಳಸುತ್ತೇವಾದರೂ ಇವೆರಡರ ನಡುವಣ ಅಂತರ ಸಣ್ಣದಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ನಮ್ಮ ಕೂಡಲಸಂಗಮದ ಸುತ್ತಣ ಎರೆಭೂಮಿಯಲ್ಲಿ ಹಿರಿಯರು ಜೋಳವನ್ನು ಸೇರಿನಿಂದ ಅಳೆದರು; ಪತ್ತಾರರು ಬಂಗಾರವನ್ನು ಗುಲಗಂಜಿಯಿಟ್ಟು ತೂಗಿದರು. ರಾಶಿಯ ವಸ್ತುವಿಗೆ ಅಳತೆ, ಬೆಲೆಯುಳ್ಳ ವಸ್ತುವಿಗೆ ತೂಕ, ಇದು ಅವರು ಕಂಡುಕೊಂಡಿದ್ದ ನಿಯಮ. ಹಾಗಾದರೆ ಕೋವಿಯ ಮದ್ದು ಯಾವ ಪಂಕ್ತಿಗೆ ಸೇರಬೇಕು? ಬೆಲೆಯಲ್ಲಿ ಅದು ಬಂಗಾರವಲ್ಲ. ಆದರೆ ಅದರ ಪ್ರಮಾಣ ತಪ್ಪಿದರೆ ಹೋಗುವುದು ಹಣವಲ್ಲ. ಕಣ್ಣು, ಕೈ, ಕೆಲವೊಮ್ಮೆ ಪ್ರಾಣ.

ಕಲಾ ವಿಭಾಗದ ವಿದ್ಯಾರ್ಥಿಗೆ ಮದ್ದಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಮದ್ದು ನಮ್ಮ ಚರಿತ್ರೆಗೆ ಹೊರತಾದುದಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಹಲಗಲಿಯ ಬೇಡರು 1857 ರಲ್ಲಿ ಬಂಡೆದ್ದುದು ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂಬ ಕಾನೂನನ್ನು ಒಪ್ಪದೆ. ಅದರ ಬೆಲೆಯನ್ನು ಅವರು ನೇಣುಗಂಬದ ಮೇಲೆ ತೆತ್ತರು. ಅತ್ತ ಕೊಡಗಿನಲ್ಲಾದರೋ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಲ್ಲದೆ ಕೋವಿಯಿಡುವ ವಿನಾಯಿತಿ ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. 2019 ರಲ್ಲಿ ಕೇಂದ್ರ ಸರ್ಕಾರ ಅದನ್ನು 2029 ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವುದು ಸರ್ವವಿದಿತ.

ಹಳೆಯ ಕೋವಿಗಳಲ್ಲಿ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡನ್ನಿಟ್ಟು, ಸಲಾಕೆಯಿಂದ ಜಡಿಯುತ್ತಿದ್ದರು. ಪ್ರತಿ ಗುಂಡಿಗೂ ಹೊಡೆಯುವವನೇ ಮದ್ದನ್ನು ಅಳೆಯಬೇಕಾಗಿತ್ತು. ಈಚಿನ ಕೋವಿಗಳಿಗೆ ತೋಟೆಗಳು ಬಂದವು. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಮೇಲೆ ಗುಂಡು, ಈ ನಾಲ್ಕೂ ಕೂಡಿದರೆ ಒಂದು ತೋಟೆ. ಹೊಡೆದ ಮೇಲೆ ಕೋಶ ಉಳಿಯುತ್ತದೆ. ಅಮೆರಿಕ ಮೊದಲಾದ ದೇಶಗಳಲ್ಲಿ ಗುರಿಕಾರರು ಆ ಕೋಶವನ್ನು ಮನೆಯಲ್ಲಿಯೇ ಮತ್ತೆ ತುಂಬಿಸಿ ಬಳಸುವ ಅಭ್ಯಾಸವಿದೆ. ನಮ್ಮಲ್ಲಿ 1959 ರ ಆಯುಧ ಕಾನೂನಿನ ಮೇರೆಗೆ ಪರವಾನಿಗೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುವುದು ಮಾಡಿ ನೋಡಲಿಕ್ಕಲ್ಲ, ತಿಳಿದುಕೊಳ್ಳಲಿಕ್ಕೆ.

ಪ್ರಮಾಣಕ್ಕೆ ಇಷ್ಟು ಮಹತ್ವ ಏಕೆ? ಮದ್ದು ಉರಿದು ಅನಿಲವಾಗುತ್ತದೆ. ಅನಿಲದ ಒತ್ತಡವು ಗುಂಡನ್ನು ನೂಕುತ್ತದೆ. ಒತ್ತಡ ಹೆಚ್ಚಿದಂತೆಲ್ಲ ಹೊಗೆರಹಿತ ಮದ್ದು ಇನ್ನೂ ವೇಗವಾಗಿ ಉರಿಯುತ್ತದೆ. ವೇಗವಾಗಿ ಉರಿದಂತೆ ಒತ್ತಡ ಮತ್ತೆ ಏರುತ್ತದೆ. ಆದ್ದರಿಂದ ಮದ್ದು ಹತ್ತರಲ್ಲೊಂದು ಪಾಲು ಹೆಚ್ಚಿದರೆ ಒತ್ತಡವೂ ಅಷ್ಟೇ ಹೆಚ್ಚೀತೆಂದು ಎಣಿಸುವುದು ತಪ್ಪು. ಅದು ಅದಕ್ಕಿಂತ ಮುಂದೆ ಹೋಗುತ್ತದೆ. ಫ್ರಾನ್ಸಿನ ಪಾಲ್ ವಿಯೇಲ್ 1884 ರಲ್ಲಿ ಸಿದ್ಧಪಡಿಸಿದ ಈ ಹೊಸ ಮದ್ದು ಹಳೆಯ ಕರಿಮದ್ದಿಗಿಂತ ಬಹಳ ಬಲವುಳ್ಳದ್ದು. ಕರಿಮದ್ದಿಗೆ ಹೊಂದುತ್ತಿದ್ದ ಅಳತೆಪಾತ್ರೆಯನ್ನು ಇದಕ್ಕೂ ಬಳಸಿದರೆ ನಳಿಗೆ ಸಿಡಿದೀತು.

ಮದ್ದಿನ ಪ್ರಮಾಣಕ್ಕೂ ಗುಂಡಿನ ವೇಗಕ್ಕೂ ಇರುವ ಸಂಬಂಧವನ್ನು ಲೆಕ್ಕಕ್ಕೆ ತಂದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮುಖ್ಯನಾದವನು. ತೂಗುಬಿಟ್ಟ ಭಾರವಾದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ಹಿಂದೆ ಸರಿಯಿತೆಂಬುದರಿಂದ ಗುಂಡಿನ ವೇಗವನ್ನು ಗಣಿಸುವ ವಿಧಾನವನ್ನು ಅವನು 1742 ರಲ್ಲಿ ಪ್ರಕಟಿಸಿದನು. ಇಂಥವನು 1751 ರಲ್ಲಿ ನಮ್ಮ ದಕ್ಷಿಣದ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದು ಗಮನಿಸತಕ್ಕ ಸಂಗತಿ.

ಇನ್ನು ಅಳತೆಯ ತೊಡಕನ್ನು ನೋಡೋಣ. ಒಂದೇ ಸೇರಿನಲ್ಲಿ ಹಿಡಿಯುವ ಜೋಳ ಯಾವಾಗಲೂ ಒಂದೇ ತೂಕವೆ? ಅಲ್ಲ. ಮೆಲ್ಲಗೆ ಸುರಿದರೆ ಕಾಳುಗಳ ನಡುವೆ ಗಾಳಿ ಹೆಚ್ಚು; ಸೇರನ್ನು ನೆಲಕ್ಕೆ ಕುಟ್ಟಿದರೆ ಕಾಳು ಕುಳಿತು ಇನ್ನೊಂದು ಹಿಡಿಗೆ ಎಡೆಯಾಗುತ್ತದೆ. ರಾಶಿಗಟ್ಟಿ ಅಳೆಯುವುದಕ್ಕೂ ಬಾಯಿಮಟ್ಟ ಗೀರಿ ಅಳೆಯುವುದಕ್ಕೂ ಭೇದವಿದೆ. ಕೊಳ್ಳುವಾಗ ಕುಟ್ಟಿ ಅಳೆದು ಮಾರುವಾಗ ಸಡಿಲವಾಗಿ ಅಳೆಯುವ ವ್ಯಾಪಾರಿಯ ಕೈಚಳಕವನ್ನು ಅಕ್ಷರ ಬಾರದ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಮದ್ದಿನ ವಿಷಯದಲ್ಲಿ ಕೈಚಳಕವಿಲ್ಲದೆಯೇ ಇದೆಲ್ಲ ನಡೆದುಹೋಗುತ್ತದೆ.

ಮದ್ದಿನ ಹರಳಿನ ಆಕಾರವೂ ಇಲ್ಲಿ ಮುಖ್ಯ. ಕೆಲವು ಮದ್ದು ರಾಗಿಯಂತೆ ದುಂಡಗಿದ್ದು ಸರಾಗವಾಗಿ ಹರಿಯುತ್ತದೆ. ಅದರ ಅಳತೆ ಬಹುಮಟ್ಟಿಗೆ ಸಮನಾಗಿ ಬರುತ್ತದೆ. ಕೆಲವು ಅವಲಕ್ಕಿಯಂತೆ ಚಪ್ಪಟೆ. ಇನ್ನು ಕೆಲವು ಶಾವಿಗೆಯ ಚೂರಿನಂತೆ ಉದ್ದ. ಅವು ಒಂದಕ್ಕೊಂದು ಅಡ್ಡಬಿದ್ದು ಟೊಳ್ಳು ಉಳಿಸುತ್ತವೆ, ಅಳೆಯುವ ಯಂತ್ರದ ಅಂಚಿಗೆ ಸಿಕ್ಕಿ ತುಂಡಾಗುತ್ತವೆ. ಯಂತ್ರದ ಮೇಲಿನ ಪಾತ್ರೆ ತುಂಬಿದ್ದಾಗ ಕೆಳಗಿನ ಮದ್ದಿನ ಮೇಲೆ ಭಾರ ಹೆಚ್ಚು, ಬರಿದಾಗುತ್ತ ಬಂದಾಗ ಕಡಿಮೆ. ಅದರಿಂದಲೂ ಪ್ರಮಾಣ ಏರಿಳಿಯುತ್ತದೆ. ಆದುದರಿಂದ ಪಾತ್ರೆಯನ್ನು ಒಂದೇ ಮಟ್ಟದಲ್ಲಿಟ್ಟು, ಹಿಡಿಕೆಯನ್ನು ಪ್ರತಿಸಲವೂ ಒಂದೇ ವೇಗದಲ್ಲಿ, ಒಂದೇ ಬಲದಿಂದ ತಿರುಗಿಸಬೇಕೆಂಬ ನಿಯಮ ಹುಟ್ಟಿತು. ಇಲ್ಲಿ ಯಂತ್ರಕ್ಕಿಂತ ಕೈಯ ಅಭ್ಯಾಸವೇ ಹೆಚ್ಚಿನದು.

ಹಾಗಾದರೆ ತೂಗಿಬಿಟ್ಟರೆ ಎಲ್ಲ ಸರಿಯಾಯಿತೆ? ತಕ್ಕಡಿಗೂ ಅದರದೇ ದೋಷಗಳುಂಟು. ಮಟ್ಟವಿಲ್ಲದ ಮೇಜು, ಕಿಟಕಿಯ ಗಾಳಿ, ತಟ್ಟೆಯಲ್ಲುಳಿದ ಧೂಳು ಇವು ಮುಳ್ಳನ್ನು ಸರಿಸುತ್ತವೆ. ಬರಿದಾದ ತಕ್ಕಡಿ ಸೊನ್ನೆಯಲ್ಲಿ ನಿಂತಿತೆ, ತಿಳಿದ ತೂಕದ ಬೊಟ್ಟನ್ನಿಟ್ಟಾಗ ಅಷ್ಟೇ ತೋರಿಸಿತೆ ಎಂದು ಮೊದಲು ಪರೀಕ್ಷಿಸಬೇಕು. ಮದ್ದನ್ನು ತೂಗುವ ಮಾನಕ್ಕೆ ಗ್ರೇನ್ ಎಂದು ಹೆಸರು. ಧಾನ್ಯದ ಕಾಳಿನಿಂದಲೇ ಹುಟ್ಟಿದ ಮಾನವಿದು. ಒಂದು ಗ್ರಾಮಿಗೆ ಸುಮಾರು 15.43 ಗ್ರೇನ್. ಎಂದರೆ ಒಂದು ಗ್ರೇನ್ ನಮ್ಮ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ ತೂಕ. ಇದರ ಹತ್ತನೆಯ ಒಂದು ಭಾಗವನ್ನೂ ಬಿಡದೆ ನೋಡುತ್ತಾರೆಂದರೆ ಆ ಕೆಲಸದ ಸೂಕ್ಷ್ಮತೆ ಅರಿವಾದೀತು.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಉದ್ದೇಶಿಸಿದ ಪ್ರಮಾಣ 40 ಎಂದಿಟ್ಟುಕೊಳ್ಳೋಣ. ಹತ್ತು ಸಲ ಅಳೆದಾಗ ಐದು ಸಲ 39, ಐದು ಸಲ 41 ಬಂದರೆ ಸರಾಸರಿ ಸರಿಯಾಗಿ 40 ಆಗುತ್ತದೆ. ಆದರೆ ಹತ್ತರಲ್ಲಿ ಒಂದಾದರೂ 40 ಇಲ್ಲ! ಹತ್ತು ಸಲವೂ 41 ಬಂದರೆ ಏಕರೂಪತೆಯಿದೆ, ನಿಖರತೆಯಿಲ್ಲ. ಏಕರೂಪತೆ ಕೈಯಿಂದ ಬರುತ್ತದೆ, ನಿಖರತೆ ತಕ್ಕಡಿಯಿಂದ ತಿಳಿಯುತ್ತದೆ. ಒಂದಿಲ್ಲದೆ ಮತ್ತೊಂದು ಸಾಲದು. ಆದ್ದರಿಂದಲೇ ಬಲ್ಲವರು ಯಂತ್ರದಿಂದ ಅಳೆದು, ನಡುನಡುವೆ ತಕ್ಕಡಿಯಲ್ಲಿ ಬಿಡಿಬಿಡಿಯಾಗಿ ತೂಗಿ ನೋಡುತ್ತಾರೆ. ತುಂಬಿದ ಕೋಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬೆಳಕು ಹಾಯಿಸಿ, ಒಂದರಲ್ಲಿಯೇ ಎರಡು ಸಲ ಮದ್ದು ಬಿದ್ದಿಲ್ಲವಷ್ಟೆ ಎಂದು ಕಣ್ಣಾರೆ ಕಂಡ ಮೇಲೆಯೇ ಗುಂಡನ್ನು ಕೂಡಿಸುತ್ತಾರೆ. ತೇವದ ವಿಷಯವೂ ಇದೆ. ತೇವ ಹೀರಿದ ಮದ್ದು ತೂಕದಲ್ಲಿ ಏರಿ ಬಲದಲ್ಲಿ ಇಳಿಯುತ್ತದೆ. ಅದನ್ನು ತಕ್ಕಡಿಯೂ ಹೇಳಲಾರದು. ಬಿಗಿಯಾದ ಡಬ್ಬಿ, ಒಣಗಿದ ಜಾಗ, ಇವೇ ಅದಕ್ಕೆ ಉಪಾಯ.

ಭಾರತ ಸರ್ಕಾರವು 1956 ರಲ್ಲಿ ತೂಕ ಅಳತೆಗಳ ಕಾನೂನು ಮಾಡಿ, 1958 ರಿಂದ ಕಿಲೋಗ್ರಾಮನ್ನು ಬಳಕೆಗೆ ತರತೊಡಗಿತು. ಸಂತೆಯಲ್ಲಿ ಒಂದೊಂದು ಊರಿಗೆ ಒಂದೊಂದು ಸೇರು ಇದ್ದ ಕಾಲ ಕ್ರಮೇಣ ಹಿಂದಾಯಿತು. ಅದರಿಂದ ರೈತನಿಗಾದ ಲಾಭವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಜೋಳದ ಅಳತೆ ತಪ್ಪಿದಾಗ ನಷ್ಟ ಇನ್ನೊಬ್ಬನದಾಗುತ್ತಿತ್ತು. ಆದುದರಿಂದ ಅಳೆಯುವವನನ್ನು ತಡೆಯಲು ಕಾನೂನು ಬೇಕಾಯಿತು. ಮದ್ದಿನ ಅಳತೆ ತಪ್ಪಿದರೆ ಅಳೆದವನ ಮುಖದೆದುರೇ ನಳಿಗೆ ಒಡೆಯುತ್ತದೆ. ಹಾಗೆಂದೇ ಆ ಕೆಲಸದವರು ಪ್ರತಿ ಸಲವೂ, ಮೊದಲನೆಯ ಸಲವೆಂಬಂತೆ, ಮತ್ತೆ ತೂಗಿ ನೋಡುತ್ತಾರೆ. ಹೊಲಕ್ಕೆ ಔಷಧಿ ಹೊಡೆಯುವವರೂ ಮಗುವಿಗೆ ಔಷಧ ಕುಡಿಸುವವರೂ ಅಂದಾಜಿನ ಮುಚ್ಚಳವನ್ನು ಬಿಟ್ಟು ಇದೇ ಅಭ್ಯಾಸವನ್ನು ಕಲಿತರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಅನಾಹುತಗಳು ತಪ್ಪಿಯಾವು.